ಒಂದು ಗಂಟೆ ಮುಂದೆ, ಒಂದು ವರ್ಷ ಹಿಂದೆ

ಸೇಂಟ್ ಸ್ಟೀಫನ್‌ನಲ್ಲಿ ಬೆಳಿಗ್ಗೆ ಎಂಟಾದಾಗ
ಹೊಳೆಯಾಚೆ ಕ್ಯಾಲಸ್‌ನಲ್ಲಿ ಇನ್ನೂ ಏಳು.
ಸೇತುವೆ ದಾಟಲು ಮೂರು ನಿಮಿಷ,
ನಡುವೆ ಎರಡು ಬಾವುಟ, ಒಬ್ಬ ಸುಂಕದವನು.
ಹುಟ್ಟಿದಾಗಿನಿಂದಲೂ ನಾನು
ಹಾರ್ಲನ್‌ಗಿಂತ ಒಂದು ಗಂಟೆ ದೊಡ್ಡವಳು.

ಇಬ್ಬರೂ ಸೇರಿ ಬರೆದ ಪ್ರೋಗ್ರಾಮು ಅದು. ಚಿಕ್ಕದು.
ಇಳಿತ ಎಷ್ಟು ಹೊತ್ತಿಗೆ, ಕೆಸರು ಎಲ್ಲಿಯವರೆಗೆ,
ಚಿಪ್ಪು ಅಗೆಯಲು ಹೋದವರು ಯಾವಾಗ ಓಡಿ ಬರಬೇಕು:
ಬಿಳಿಯ ಮೇಲೊಂದು ನೀಲಿ ಗೆರೆ, ಗಿಫ್ ಚಿತ್ರ.
ಬೇಕಾದವರು ಒಯ್ಯಿರಿ, ತಿದ್ದಿರಿ,
ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡಿ
ಎಂದು ಮೊದಲ ಸಾಲಿನಲ್ಲೇ ಬರೆದಿದ್ದೆವು.
ಡೆಲ್ಮಾ ಒಮ್ಮೆ ಒಂದು ಬುಟ್ಟಿ ಚಿಪ್ಪು ತಂದು
ಮೆಟ್ಟಿಲ ಮೇಲಿಟ್ಟು ಹೋಗಿದ್ದಳು.
ಬಂದ ಸಂಬಳ ಅಷ್ಟೇ.

ಚಿತ್ರ ಕುಗ್ಗಿಸುವ ಉಪಾಯ ಹೀಗಿದೆ:
ಒಮ್ಮೆ ಕಂಡ ಜೋಡಿಗೆ ಒಂದು ಅಂಕಿ ಕೊಡು,
ಮತ್ತೆ ಕಂಡರೆ ಅಂಕಿಯನ್ನಷ್ಟೇ ಹೇಳು.
ಬಿಳಿ ಬಿಳಿ ಅನ್ನುವ ಬದಲು
ಇನ್ನೂರ ಐವತ್ತೆಂಟು.
ಅಜ್ಜಿ ಉಣ್ಣೆ ಹೆಣೆಯುತ್ತ
'ಮತ್ತೆ ಅದೇ ಸಾಲು' ಅಂತ ಗೊಣಗುತ್ತಿದ್ದಳಲ್ಲ,
ಅದೇ.
ಅದಕ್ಕೂ ಒಬ್ಬ ಯಜಮಾನ ಇದ್ದಾನೆಂದು
ನಮಗೆ ಗೊತ್ತಿರಲಿಲ್ಲ.

ಕಾಗದ ಬಂತು. ದಪ್ಪ ಹಾಳೆ, ಸಭ್ಯ ಮಾತು.
ಪ್ರತಿಯೊಂದಕ್ಕೆ ಇಷ್ಟು; ಎಷ್ಟು ಪ್ರತಿ ಹಂಚಿದಿರಿ?
ನಾವು ಎಣಿಸಿದವರೇ ಅಲ್ಲ.
ಮಾರಿದ ಬೆಲೆಯಲ್ಲಿ ಶೇಕಡಾ ಇಷ್ಟು.
ಸೊನ್ನೆಗೆ ಶೇಕಡಾ ಎಷ್ಟೆಂದು ಹಾರ್ಲನ್ ಕೇಳಿದ,
ಫೋನಿನ ಆ ತುದಿ ನಗಲಿಲ್ಲ.
ನಾವು ಹೇಗೋ ಕಟ್ಟಿದೆವು ಅನ್ನಿ,
ನಾಳೆ ನಮ್ಮಿಂದ ಒಯ್ದು ತಿದ್ದುವವನು?
ಅವನಿಂದ ಒಯ್ಯುವವಳು?
ನಮ್ಮ ಮೊದಲ ಸಾಲೇ ಸುಳ್ಳಾಗುತ್ತಿತ್ತು.
ಸುಂಕದವನ ಮುಂದೆ ಸುಖದುಃಖ
ಎಷ್ಟು ಹೊತ್ತು ಹೇಳಿಕೊಳ್ಳುವುದು?

ತೊಂಬತ್ತನಾಲ್ಕು ಸಾಲು ಕಿತ್ತೆ.
ಪೆಟ್ಟಿಗೆ ಅದೇ, ಒಳಗೆ ಮಡಿಸದ ಬಟ್ಟೆ.
ಚಿತ್ರ ಬಾತುಕೊಂಡಿತು.
ಡೆಲ್ಮಾಳ ಮನೆಯ ಟೆಲಿಫೋನ್ ತಂತಿಯಲ್ಲಿ
ಮೇಲಿನಿಂದ ಕೆಳಕ್ಕೆ, ಎಳೆ ಎಳೆಯಾಗಿ ಇಳಿಯಿತು.
ಉಬ್ಬರದ ನೆತ್ತಿ ಬಂತು,
ಇಳಿತದ ತಳ ಬರುವಷ್ಟರಲ್ಲಿ ಲೈನು ಕಡಿಯಿತು.
ಅವಳಿಗೆ ಬೇಕಿದ್ದದ್ದು ತಳ.

ಆಮೇಲೆ ಪಿಎನ್‌ಜಿ. ನಮ್ಮಂಥವರೇ
ಯಾರಪ್ಪನ ಗಂಟೂ ಅಲ್ಲದ ಹಾಗೆ ಕಟ್ಟಿದ್ದು,
ನಿಜಕ್ಕೂ ಚೆಂದ.
ಡೆಲ್ಮಾಳ ಹಳೇ ಯಂತ್ರ ಅದನ್ನು ಓದದೆ
ಒಂದು ಹರಿದ ಹಾಳೆಯ ಗುರುತು ತೋರಿಸಿತು.
ಅವಳು ಫೋನು ಮಾಡಲಿಲ್ಲ. ಅದೇ ಚುಚ್ಚಿದ್ದು.

ಎರಡು ಸಾವಿರದ ಮೂರು, ಜೂನ್.
ಹಾರ್ಲನ್ ಕೂಗಿದ: ಇಲ್ಲಿ ಗಡುವು ಮುಗಿಯಿತು!
ಕಿತ್ತದ್ದನ್ನು ಸಂಜೆಯೊಳಗೆ ನೆಟ್ಟ.
ನಮ್ಮ ದಡದಲ್ಲಿ ಇನ್ನೊಂದು ಬೇಸಿಗೆ ಕಾಯಬೇಕು.
ಗಡಿಯಾರ ಒಂದು ಗಂಟೆ ಮುಂದೆ,
ಉಪಾಯ ಒಂದು ವರ್ಷ ಹಿಂದೆ.
ಕೆಳಗೆ ಉಪ್ಪುನೀರು ಮಾತ್ರ
ಎರಡೂ ದಡವನ್ನು ಒಂದೇ ಸಲ ಏರುತ್ತಿತ್ತು.

ಆ ವಾರ ಸೇತುವೆಯ ಕಟಕಟೆಯಲ್ಲಿ ಅವನು ಕೇಳಿದ:
ಏನಾದರೂ ತಂದಿದ್ದೀರಾ?
ಹಾಲು, ಎರಡು ಡಜನ್ ಮೊಟ್ಟೆ, ಅಂದೆ.
ತೊಂಬತ್ತನಾಲ್ಕು ಸಾಲು ಬಾಯಿಪಾಠ ಇತ್ತು.
ಹೋಗಿ ಅಂದ.

ಮರುವರ್ಷ ಜುಲೈಯಲ್ಲಿ ನೆಟ್ಟೆ. ಮೊದಲ ಸಲಕ್ಕೇ ಓಡಿತು.
ಯಾರೂ ಗಮನಿಸಲಿಲ್ಲ.

ಡೆಲ್ಮಾಳಿಗೆ ಹೇಳೋಣವೆಂದು ಹೋದೆ.
ಮಂಡಿ ಹೋಗಿ ಅಗೆತ ಬಿಟ್ಟಿದ್ದಳು.
ಒಳಗಿನಿಂದ ಒಂದು ಕಂತೆ ತಂದು ಹರಡಿದಳು:
ತಂತಿ ಕಡಿಯುವವರೆಗೆ ಬಂದಷ್ಟು ಚಿತ್ರ, ಅಚ್ಚು ಹಾಕಿದ್ದು,
ಪ್ರತಿಯೊಂದರ ಕೆಳಗೆ
ನೀಲಿ ಗೆರೆ ನಿಂತಲ್ಲಿಂದ ಮುಂದಕ್ಕೆ
ಪೆನ್ಸಿಲ್ಲಿನ ಗೆರೆ,
ಕೆಸರಿನ ತಳ ಮುಟ್ಟಿ ಮೇಲೆ ಬರುವವರೆಗೆ.

'ಅರ್ಧ ನೀನು ಕೊಟ್ಟೆಯಲ್ಲ ಒಡೀಲ್, ಸಾಕಾಗಿತ್ತು' ಅಂದಳು.
ಒಂದೆರಡು ಕಡೆ ಅವಳ ಗೆರೆ
ನಮ್ಮದಕ್ಕಿಂತ ಸರಿಯಾಗಿತ್ತು.