ಕೋಟುಗಳ ಕಟ್ಟೆಯಲ್ಲಿ

ನಾನು ಕೇಳಿದ್ದೆಲ್ಲ ಬಾಗಿಲಿನಾಚೆಯಿಂದ.
ಕೋಟು ಇಸಿದುಕೊಂಡು ಹಿತ್ತಾಳೆ ಬಿಲ್ಲೆ ಕೊಡುವುದು ನನ್ನ ಕೆಲಸ.
ಮುನ್ನೂರ ಹನ್ನೆರಡು ಕೊಕ್ಕೆ, ಅಂದು ಒಂದೂ ಖಾಲಿಯಿಲ್ಲ.
ಒಂದೊಂದು ಕೋಟಿಗೂ ನುಸಿಗುಳಿಗೆಯ ವಾಸನೆ,
ಪೆಟ್ಟಿಗೆಯ ತಳದಿಂದ ಎದ್ದು ಬಂದವು.

ಅರವತ್ತೊಂದು ವರ್ಷದ ಮೇಲೆ 'ತೆಪ್ಪದ ಕೌಂಟೆಸ್'
ಮತ್ತೆ ಸೆಗೆದ್ ಊರಿಗೆ ಬಂದಿದ್ದಳು
ತೆಪ್ಪವಿಲ್ಲದೆ, ಹೊಳೆಯಿಲ್ಲದೆ,
ಗರಿಯಿಟ್ಟ ಟೊಪ್ಪಿಗೆಯೂ ಇಲ್ಲದೆ.
ಕಪ್ಪುಡುಗೆಯಲ್ಲಿ ಸಾಲುಗಟ್ಟಿ ನಿಂತ ಗಾಯಕರು,
ಎದುರಿಗೆ ಸ್ವರದ ಪುಸ್ತಕ ಹೊತ್ತ ಕಬ್ಬಿಣದ ಕಾಲು.
ತಡವಾಗಿ ಬಂದವನೊಬ್ಬ ಸಂದಿಯಲ್ಲಿ ಇಣುಕಿ
"ಯಾರು ಸತ್ತರು?" ಎಂದ,
ಕೋಟು ನನ್ನ ಮೇಲೆಸೆದು ಒಳನುಗ್ಗಿದ.

ಮೊದಲ ವಾಲ್ಟ್ಸ್ ನನಗೆ ತಿಳಿದದ್ದು ಪಾದದಿಂದ.
ಚಳಿಗಾಲದ ಬೂಟುಗಳು ಹಲಗೆಯ ಮೇಲೆ
ಒಂದು, ಎರಡು ಮೂರು,
ಒಂದು, ಎರಡು ಮೂರು,
ಹಿಂದಿನ ಸಾಲು ಕೊಂಚ ತಡ.
ಕೊಕ್ಕೆಯ ಬಿಲ್ಲೆಗಳು ಒಂದಕ್ಕೊಂದು ತಗುಲಿ ಕಿಣಿಗುಟ್ಟಿದವು.

ಸುಂಕದ ಅಧಿಕಾರಿಯ ಜೋಕು ಮುಗಿಯುವ ಮೊದಲೇ
ನಕ್ಕವರು ಮುದುಕರು.
ಮುದುಕರು ನಕ್ಕರೆಂದು ನಕ್ಕವರು ಉಳಿದವರು.
ಜೋಕಿಗೇ ನಕ್ಕವರು ಎಷ್ಟು ಮಂದಿಯೋ
ಬಾಗಿಲಿನಾಚೆ ಲೆಕ್ಕ ಸಿಗುವುದಿಲ್ಲ.

ವಿರಾಮ. ಚೆಸ್ಟ್‌ನಟ್ ಹಿಟ್ಟಿನ ಮೇಲೆ ಕೆನೆ,
ಕೆನೆಯ ಮೇಲೆ ಅಭಿಪ್ರಾಯ.
ಔಷಧಿಯಂಗಡಿ ಮುಚ್ಚಿ ಮನೆಯಲ್ಲಿರುವ ವೆಂಡೆಲ್ ಮಹಾಶಯರು
ಚಮಚ ಎತ್ತಿ ಹಿಡಿದು ಹೇಳಿದರು:
"ಇದು ವಾಲ್ಟ್ಸ್ ಅಲ್ಲ, ಕೊನೆಯ ಟ್ರ್ಯಾಮ್ ಹಿಡಿಯುವ ಓಟ."
ಪಿರೋಷ್ಕಾ ಮೂಗು ಮುರಿದಳು:
"ವೇಷವಿಲ್ಲದ ಒಪೆರೆಟ್ಟಾ, ಪಾಪ್ರಿಕಾ ಇಲ್ಲದ ಮೀನುಸಾರು."
ಅವಳ ತಂಗಿ ಬಿಟ್ಟಾಳೆಯೇ?
"ವೇಷವಿದ್ದಾಗ ನೀನು ಹಾಡು ಎಲ್ಲಿ ಕೇಳಿದ್ದೆ,
ಆ ಕ್ಯಾಪ್ಟನ್ನನ ತೊಡೆ ನೋಡುತ್ತ ಕೂತಿದ್ದೆ."

ಕಾಲೇಜಿನ ಹುಡುಗಿಯೊಬ್ಬಳು ಕೆಂಡವಾಗಿದ್ದಳು:
"ಇಸ್ಪೀಟಿನಲ್ಲಿ ಹೆಣ್ಣನ್ನು ಗೆದ್ದವನು ನಾಯಕನಂತೆ!
ಇದಕ್ಕೆ ಚಪ್ಪಾಳೆ ಬೇರೆ!"
ಅವಳ ಸಿಟ್ಟು ನ್ಯಾಯದ್ದೇ.
ಕೈ ತೊಳೆಯುವಾಗ ಮಾತ್ರ ನಲ್ಲಿಯ ನೀರಿನ ಜೊತೆ
ಅದೇ ನಾಯಕನ ಹಾಡು ಗುನುಗುತ್ತಿದ್ದಳು,
ಎರಡನೇ ಸಾಲು ತಪ್ಪಿ, ಮತ್ತೆ ಮೊದಲಿನಿಂದ.

ಎರಡನೇ ಅಂಕ. ಹೊಳೆಯ ಯುಗಳಗೀತೆ ಈಗಷ್ಟೇ ಮುಗಿದಿತ್ತು.
ಬಾಗಿಲು ತಳ್ಳಿಕೊಂಡು ಬಂದವಳು
ಇನ್ನೂರ ಏಳನೇ ಬಿಲ್ಲೆಯ ಮುದುಕಿ,
ತೋಳಿಗೆ ತೇಪೆ ಹಾಕಿದ ಬೂದು ಕೋಟಿನವಳು.
ತಲೆ ಸುತ್ತಿತೇ, ನೀರು ಬೇಕೇ ಎಂದೆ.
"ಇಲ್ಲಿ ಒಂದಿಷ್ಟು ಮಾತಿತ್ತು," ಅಂದಳು,
"ಕತ್ತರಿಸಿಬಿಟ್ಟಿದ್ದಾರೆ."
ಕೋರಸ್ಸಿನ ಎಡತುದಿಯ ಅಂಬಿಗಿತ್ತಿ ಆಗ ಅವಳೇ,
ಆಟವೆಲ್ಲ ಸೇರಿ ಅವಳಿಗಿದ್ದದ್ದು ಅದೊಂದೇ ಮಾತು.

ಕಟ್ಟೆಯ ಅಂಚು ಹಿಡಿದು, ಬೆನ್ನು ನೆಟ್ಟಗೆ ಮಾಡಿ,
ನನಗಿಂತ ಹಿಂದೆ, ಕೋಟುಗಳಿಗಿಂತಲೂ ಹಿಂದೆ
ಯಾರನ್ನೋ ನೋಡುತ್ತ ಹೇಳಿದಳು:
"ಒಡತೀ, ನೀರು ಏರುತ್ತಿದೆ. ದೀಪ ಹಚ್ಚಲೇ?"

ಹೇಳಿ, ಕಾದಳು.

ಒಳಗೆ ಕಹಳೆಗಳು ಮುಂದಕ್ಕೆ ಹೋಗುತ್ತಿದ್ದವು.
ಕೌಂಟೆಸ್ ಏನನ್ನುತ್ತಾಳೋ ನನಗೇನು ಗೊತ್ತು?
"ಹಚ್ಚು," ಅಂದೆ.

ಕೆಲಸ ಕಲಿಯದ ಹುಡುಗನನ್ನು ನೋಡುವಂತೆ ನೋಡಿದಳು.
"ಬೇಡ ಅನ್ನಬೇಕು," ಎಂದಳು.
"ಬೇಡ ಅಂದರೇ ಕತ್ತಲಾಗುವುದು,
ಕತ್ತಲಾದರೇ ಮುಂದಿನ ಹಾಡು."
ಸೆರಗಿಲ್ಲದ ಹೆಗಲ ಮೇಲೆ ಶಾಲು ಸರಿಮಾಡಿಕೊಂಡು
ಮತ್ತೆ ಒಳಗೆ ಹೋದಳು.

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ,
ಟ್ರ್ಯಾಮಿನ ಹೊತ್ತು ಮೀರುವಷ್ಟು.
ಆಮೇಲೆ ಎಲ್ಲರೂ ಒಟ್ಟಿಗೇ ನನ್ನ ಮೇಲೆ ಬಿದ್ದರು.
ವೆಂಡೆಲ್ ಮಹಾಶಯರ ಕಣ್ಣು ಕೆಂಪಾಗಿತ್ತು, ಶೀತ ಅಂದರು.
ಅಕ್ಕತಂಗಿಯರ ಜಗಳ ಮೀಸೆಯವರೆಗೆ ಬಂದಿತ್ತು.
"ಯಾರು ಸತ್ತರು" ಎಂದಿದ್ದವನು ಬಿಲ್ಲೆ ಕಳೆದುಕೊಂಡು
ಕೊನೆಯತನಕ ಜೇಬು ತಡಕಾಡುತ್ತ ನಿಂತ,
ಬಾಯಲ್ಲಿ ವಾಲ್ಟ್ಸ್.
ಇನ್ನೂರ ಏಳು ಕೋಟು ತೊಟ್ಟಳು, ಹೋದಳು,
ನನ್ನ ಗುರುತೇ ಇಲ್ಲದವಳ ಹಾಗೆ.

ಹೇಗಿತ್ತೆಂದು ನನ್ನನ್ನು ಯಾರೂ ಕೇಳಲಿಲ್ಲ.

ತಿಸಾ ಸೇತುವೆಯ ಮೇಲೆ ಟ್ರ್ಯಾಮ್ ಇಲ್ಲ, ಬಸ್ಸು.
ಕಿಟಕಿಯ ಪಕ್ಕ ಕೂತು, ಕೆಳಗಿನ ನೀರು ನೋಡುತ್ತ
"ಬೇಡ" ಎಂದೆ, ಮೆಲ್ಲಗೆ.
ಸರಿಬರಲಿಲ್ಲ. ಇನ್ನೊಮ್ಮೆ, ಒಡತಿಯ ಗತ್ತಿನಲ್ಲಿ:
"ಬೇಡ."
ಪಕ್ಕದಲ್ಲಿದ್ದವನು ಚೀಲ ಎತ್ತಿಕೊಂಡು
ಮುಂದಿನ ಸೀಟಿಗೆ ಹೋದ.