ಮೂರನೇ ಚಾನೆಲ್ಲು

ಟಕೊರಾಡಿ. ಕೆಂಪು, ಕಪ್ಪು ಬಟ್ಟೆಯವರು
ಇನ್ನೂ ಬಂದಿಲ್ಲ.
ಶಾಮಿಯಾನದ ಮೂಲೆಯಲ್ಲಿ ಅರಾಬಾ ಕ್ವೋಫಿ
ತಮ್ಮನ ಮಗನಿಗೆ ಮಿಕ್ಸರ್ ತೋರಿಸುತ್ತಿದ್ದಾಳೆ:

ಆಂಪ್ಲಿಫೈಯರ್ ಇದರ ಹೊಟ್ಟೆಯಲ್ಲೇ ಇದೆ,
ಬೇರೆ ಹೊರೋದು ತಪ್ಪಿತು.
ಮೂರು ಕಣ್ಣಿನ ತೂತು ಮೈಕಿಗೆ,
ಒಂಟಿ ತೂತು ಕೀಬೋರ್ಡಿಗೆ. ಅದಲುಬದಲಾದರೆ
ಒಂದು ಪಿಸುಗುಟ್ಟುತ್ತೆ, ಇನ್ನೊಂದು ಕಿರುಚುತ್ತೆ.

ಈ ಗುಂಡಿಗೆ ಭೂತದ ಕರೆಂಟು ಅಂತಾರೆ.
ನಗಬೇಡ, ಸಾವಿನ ಮನೆ;
ಮೇಳದವರ ನಾಜೂಕು ಮೈಕಿಗೆ ಅದು ಬೇಕು.
ಎಕೋ ಮಾತ್ರ ಪಾದ್ರಿಗೆ ಬೇಡ,
ಅವರೇ ಸಾಕಷ್ಟು ಎಳೀತಾರೆ.

ಮಧ್ಯಾಹ್ನ ಮೂರನೇ ಚಾನೆಲ್ಲು
ವಿಧವೆಯ ಕೈಗೆ ಬಂತು.
ಆಕೆ ಮಾತಾಡಲಿಲ್ಲ.
ಹುಡುಗ ಇಳಿಸಲು ಬೆರಳಿಟ್ಟ.
ಅರಾಬಾ ಅದನ್ನು ಸರಿಸಿ, ಗೇನ್
ಕೂದಲೆಳೆಯಷ್ಟು ಏರಿಸಿದಳು.

ಎರಡೂ ಸ್ಪೀಕರಿನಿಂದ,
ಬೀದಿಯ ಆ ತುದಿಯ ಮೀನಿನಂಗಡಿಯವರೆಗೆ,
ಉಸಿರು.