ನಿಮಿಷಕ್ಕೆ ಹದಿನೈದು ಲೀಟರ್

ಪುಂತಾ ಅರೇನಾಸಿನಲ್ಲಿ ಗಾಳಿಗೆ ರಜೆಯಿಲ್ಲ.
ಹಗ್ಗ ಹಿಡಿದು ಜನ ರಸ್ತೆ ದಾಟುವ ದಿನಗಳುಂಟು.
ಜಲಸಂಧಿಯ ದಡದಲ್ಲಿ, ತಗಡಿನ ಶೆಡ್ಡಿನೊಳಗೆ,
ಏಡಿ ಹಿಡಿಯುವ ದೋಣಿಯೊಂದು, ಹೆಸರು ರೊಸೆಂಡಾ,
ಹೊಟ್ಟೆಯ ತುಕ್ಕು ಕೆರೆಸಿಕೊಂಡು ಮಲಗಿದೆ.
ಪಕ್ಕೆಗೆ ಹೊಸ ಹಲಗೆ ಕಬ್ಬಿಣ ಬೆಸೆಯಬೇಕು,
ಸೋಮವಾರದ ಉಬ್ಬರಕ್ಕೆ ನೀರಿಗಿಳಿಯಬೇಕು.

ನೆಲಿದಾ ಬರ್ರಿಯಾ ಮುಖವಾಡ ಮೇಲೆತ್ತಿದಳು.
ಬೆಸುಗೆಯ ಉದ್ದಕ್ಕೂ ಸಣ್ಣ ಸಣ್ಣ ತೂತು,
ಯಾರೋ ರಾಗಿಕಾಳು ಒತ್ತಿ ಒತ್ತಿ ತೆಗೆದ ಹಾಗೆ.
ಎಲ್ಲರ ಮನೆ ದೋಸೆಯೂ ತೂತೇ, ಸರಿ;
ಎಲ್ಲರ ದೋಣಿಯೂ ತೂತೇ ಎಂದು
ಸಮಾಧಾನ ಹೇಳುವವರು ಸಮುದ್ರದಲ್ಲಿಲ್ಲ.

ಉಜ್ಜಿ ತೆಗೆದಳು. ಬೆಸೆದಳು. ಮತ್ತೆ ತೂತು.

ಕರಗಿದ ಕಬ್ಬಿಣ ಬಾಣಂತಿಯ ಹಾಗೆ,
ಗಾಳಿ ಸೋಕಬಾರದು.
ಅದಕ್ಕೇ ಟಾರ್ಚಿನ ಬಾಯಿಂದ ಸುತ್ತಲೂ
ಬಣ್ಣವಿಲ್ಲದ, ವಾಸನೆಯಿಲ್ಲದ ಪರದೆಯೊಂದು ಇಳಿಯುತ್ತದೆ.
ಲೋಹ ಗಟ್ಟಿಯಾಗುವವರೆಗೆ ನಿಂತು
ಹೇಳದೆ ಕೇಳದೆ ಹೊರಟುಹೋಗುತ್ತದೆ.
ಇವತ್ತು ಆ ಪರದೆ ಎಲ್ಲೋ ಹರಿದಿದೆ.

ಗ್ಯಾಸು ಸಾಲದೇನೋ ಎಂದು ತಿರುಪು ತಿರುಗಿಸಿದಳು.
ಗಾಜಿನ ಕೊಳವೆಯ ಗುಂಡು
ಹದಿನೈದರಿಂದ ಇಪ್ಪತ್ತಕ್ಕೆ ಏರಿತು. ತೂತು.
ಇಪ್ಪತ್ತೈದು. ತೂತು.
ಮೂವತ್ತೈದಕ್ಕೆ ಇನ್ನೂ ದೊಡ್ಡ ತೂತು.

"ಜೋರಾಗಿ ಬೈದರೆ ಮಗು ಜಾಸ್ತಿ ಮಾತು ಕೇಳುತ್ತದೆಯೇ?"
ಗ್ರೈಂಡರಿನ ಸದ್ದು ನಿಂತಾಗ ಕೇಳಿದ ಒಯಾರ್ಸೊ,
ಎಪ್ಪತ್ತೊಂದು ವಯಸ್ಸು, ಹುಬ್ಬು ಸುಟ್ಟು ಬೆಳೆದೇ ಇಲ್ಲ.
"ಹೆಚ್ಚು ಊದಿದರೆ ಸುಳಿ ಏಳುತ್ತದೆ.
ಸುಳಿ ಹೊರಗಿನ ಗಾಳಿಯ ಕೈಹಿಡಿದು
ಒಳಗೇ ಕರೆತರುತ್ತದೆ.
ಹದಿನೈದಕ್ಕೆ ಇಳಿಸು. ಹುಡುಕು."

ನಾಜಲ್ ಬಿಚ್ಚಿದಳು. ಒಳಗೆ ಸಿಡಿದ ಹನಿಗಳು
ಗಡಿಗೆ ತಳದ ಸೀಕಿನಂತೆ ಕೂತಿದ್ದವು, ಕೆರೆದಳು.
ಸಿಲಿಂಡರಿನಲ್ಲಿ ಇನ್ನೂ ಮುಕ್ಕಾಲು ಪಾಲು.
ಮೀಟರು ಹದಿನೈದು ಎನ್ನುತ್ತಿದೆ, ಅಷ್ಟೇ;
ಅದು ಮನಿಯಾರ್ಡರಿನ ರಸೀದಿ,
ಇಲ್ಲಿಂದ ಹೊರಟದ್ದಕ್ಕೆ ಸಾಕ್ಷಿ,
ಅಲ್ಲಿ ತಲುಪಿದ್ದಕ್ಕಲ್ಲ.
ಟಾರ್ಚಿನ ಬಾಯಿಗೇ ಇನ್ನೊಂದು ಅಳತೆ ಕೊಳವೆ ಹಿಡಿದು ನೋಡಿದರೆ
ಒಂಬತ್ತು.

ಆರು ಲೀಟರ್ ದಾರಿಯಲ್ಲಿ ಯಾರ ಮನೆಗೆ ಹೋಯಿತು?

ಗಡ್ಡದ ಬ್ರಶ್ಶಿನಿಂದ ಸೋಪಿನ ನೀರು ಬಳಿಯುತ್ತ
ಪೈಪಿನುದ್ದಕ್ಕೂ ಮಂಡಿಯೂರಿ ಹೋದಳು.
ಮೊದಲ ಕೀಲು ಸುಮ್ಮನಿತ್ತು.
ಇಲಿ ಕಚ್ಚಿದ ಗುರುತು, ಮೇಲ್ಮೇಲೆ ಮಾತ್ರ.
ಟಾರ್ಚು ಯಂತ್ರಕ್ಕೆ ಸೇರುವಲ್ಲಿ, ಕೊನೆಗೆ,
ಒಂದು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು,
ನಿದ್ದೆಯಲ್ಲಿ ಕೂಸು ತುಟಿಯಲ್ಲಿ ಊದುವಂತೆ.
ಒಳಗೆ ಕಿವಿಬಾಲಿಯಷ್ಟು ರಬ್ಬರಿನ ಉಂಗುರ,
ಚಳಿಗೆ ಸೆಟೆದು, ಬಿರುಕುಬಿಟ್ಟು.

ಹೊಸ ಉಂಗುರ. ಈಗ ಹೊರಟದ್ದೂ ಹದಿನೈದು,
ತಲುಪಿದ್ದೂ ಹೆಚ್ಚುಕಡಿಮೆ ಹದಿನೈದು.
ಬೆಸೆದಳು. ಚೆನ್ನಾಗಿತ್ತು.
ಎಡತುದಿಯಲ್ಲಿ ಮಾತ್ರ ಮೂರು ತೂತು.

ನೆಲಿದಾ ಕೈಗವಸು ನೆಲಕ್ಕೆ ಎಸೆದಳು.
ಮುದುಕ ಬೆಂಕಿಕಡ್ಡಿ ಗೀರಿ, ಆರಿಸಿ,
ಹೊಗೆಯನ್ನು ಆ ತುದಿಯಲ್ಲಿ ಹಿಡಿದ.
ಬಾಗಿಲು ಭದ್ರ, ಸಂದಿಗೆಲ್ಲ ಗೋಣಿ ತುರುಕಿತ್ತು,
ಆದರೂ ಹೊಗೆ ನೆಟ್ಟಗೆ ಏಳಲಿಲ್ಲ;
ಯಾರೋ ತಳ್ಳಿದಂತೆ ಬಲಕ್ಕೆ ಬಾಗಿತು.
ಬಾಗಿದ್ದರ ಬೆನ್ನುಹಿಡಿದು ಇಬ್ಬರೂ ಎಡಕ್ಕೆ ತಿರುಗಿದರು.

ಪೀಪಾಯಿಯ ಮರೆಯಲ್ಲಿ ಒಂದು ಚಿಕ್ಕ ಹೀಟರ್,
ಫ್ಯಾನು ಗುಂಯ್ಗುಡುತ್ತ, ಬಿಸಿಗಾಳಿ ಬಿಡುತ್ತ,
ಬೆಳಗಿನಿಂದ ಅವಳ ಮೊಣಕಾಲಿಗೆ ಗುರಿಯಿಟ್ಟು.

ಅವಳು ಇಟ್ಟದ್ದಲ್ಲ.
ಅದರ ವೈರು ಒಯಾರ್ಸೊನ ಬುತ್ತಿಡಬ್ಬಿಯ ಕೆಳಗಿಂದ ಹಾದಿತ್ತು.

ಮುದುಕ ಕೆಮ್ಮಿದ. ಹೀಟರನ್ನು
ಶಿಕ್ಷೆಗೆ ನಿಂತ ಹುಡುಗನಂತೆ ಗೋಡೆಗೆ ಮುಖ ಮಾಡಿಸಿದ.
ಅವಳು ಮುಖವಾಡ ಇಳಿಸಿದಳು.
ಮೊಣಕಾಲು ಕೊರೆಯುತ್ತಿತ್ತು;
ಬೆಸುಗೆ ಮೀನಿನ ಪೊರೆಯಂತೆ
ಒಂದರ ಮೇಲೊಂದು ಒರಗಿಕೊಂಡು ನಡೆಯಿತು,
ಈ ತುದಿಯಿಂದ ಆ ತುದಿಗೆ.

ಮಾರನೆಯ ದಿನ ಅವಳ ಟೂಲ್‌ಬಾಕ್ಸಿನ ಮೇಲೆ
ಉದ್ದನೆಯ ಉಣ್ಣೆ ಕಾಲುಚೀಲ ಒಂದು ಜೊತೆ.
ಯಾರೂ ಏನೂ ಹೇಳಲಿಲ್ಲ.
ಎಡಗಾಲಿನದಕ್ಕೆ, ಹಿಮ್ಮಡಿಯಲ್ಲಿ,
ತೂತಿತ್ತು.